ಕೇಳಿದವರ ಪುಸ್ತಕ

ಆ ಮಂಗಳವಾರ ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ. ಬೆಳಿಗ್ಗೆ ಏಳುವಾಗಲೇ ಗಾಳಿ ಇತ್ತು. ಜಗಳೂರಿನ ಗಾಳಿಗೆ ಹೊತ್ತುಗೊತ್ತು ಇರಲಿಲ್ಲ. ಕಸ ಗುಡಿಸಿ ತಿರುಗಿ ನೋಡುವಷ್ಟರಲ್ಲಿ ಹೊಸ್ತಿಲ ಮೇಲೆ ಮತ್ತೆ ಕೆಂಪು ಮಣ್ಣು ಕೂತಿರುತ್ತಿತ್ತು. ಬಾಗಿಲು ತೆಗೆದು, ಕಾರ್ಡುಗಳಿದ್ದ ಮರದ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಪುಸ್ತಕ ಇಟ್ಟೆ. ಹತ್ತು ಗಂಟೆಯ ಬಸ್ಸಿಗೆ ಕಮಲಿ ಬಂದಳು. ಸೆರಗಿನಲ್ಲಿ ಆಗತಾನೇ ಕಿತ್ತ ಶೇಂಗಾ ಕಟ್ಟಿಕೊಂಡಿದ್ದಳು. ಬೇರಿಗೆ ಅಂಟಿದ ಮಣ್ಣು ಇನ್ನೂ ಒದ್ದೆಯಾಗಿತ್ತು.

‘ಅಕ್ಕಾರೆ, ಇದನ್ನೂ ನಿಮ್ ಪುಸ್ತಕದಾಗೆ ಬರೀತೀರೇನು? ಇಂಥೋಳು ಇಂಥಾ ದಿನ ಶೇಂಗಾ ತಂದ್ಳು, ಕಾರಣ ಹಸಿವು ಅಂತ?’

‘ತಿನ್ನೋ ವಸ್ತುವಿಗೆ ಕಾಲಂ ಇಲ್ಲ, ಬಾ’ ಎಂದೆ.

ಒಳಗೆ ಕರೆದುಕೊಂಡು ಹೋಗಿ ಮಾತ್ರೆ ಕೊಟ್ಟು, ಕಾರ್ಡಿನಲ್ಲಿ ಗುರುತು ಹಾಕಿ, ಪುಸ್ತಕದಲ್ಲಿ ಒಂದು ಸಾಲು ಬರೆದೆ. ಆಮೇಲೆ ಇಬ್ಬರೂ ಹಿಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಯಂತ್ರದ ಮುಂದೆ ಕೂತೆವು. ಕಮಲಿ ತನ್ನ ರವಿಕೆಗೆ ತಾನೇ ತೋಳು ಕೂರಿಸುತ್ತಿದ್ದಳು. ಮೊಣಕೈ ದಾಟುವ ಉದ್ದ ತೋಳು. ಎರಡು ಗಂಟೆಯ ಬಸ್ಸಿಗೆ ಹೋದಳು. ಆ ರವಿಕೆ ಮುಗಿದಿರಲಿಲ್ಲ. ‘ಮುಂದಿನ ಮಂಗಳವಾರ ಗುಂಡಿ ಹಚ್ಚಾನ’ ಎಂದಳು. ಅಷ್ಟೇ.

ಈ ಮಾರ್ಗಶಿರದಲ್ಲಿ ಚನ್ನಗಿರಿಯಲ್ಲಿ, ಆಗ ನನಗೆ ಮೇಲಿನವರಾಗಿದ್ದ ತಿಪ್ಪಣ್ಣನವರು ತೀರಿಕೊಂಡರು. ಹನ್ನೊಂದನೆಯ ದಿನಕ್ಕೆ ಹೋಗಿದ್ದೆ. ಮರಳುವಾಗ ಬಸ್‌ ಸ್ಟ್ಯಾಂಡಿನ ಹೊರಗೆ ಒಬ್ಬಾಕೆ ಗೋಣಿಚೀಲದ ಮೇಲೆ ಹಸಿ ಶೇಂಗಾ ಹರವಿಕೊಂಡು ಕೂತಿದ್ದಳು. ಆ ಮಣ್ಣಿನ ವಾಸನೆಗೆ ನನ್ನ ಕಾಲು ಅಲ್ಲೇ ನಿಂತಿತು. ಮನೆಗೆ ಬಂದು ಮೂರು ದಿನವಾದರೂ ಆ ಮಂಗಳವಾರ ನನ್ನನ್ನು ಬಿಡಲಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ. ನಾನು ಎಸ್ಸೆಸ್ಸೆಲ್ಸಿ ಓದಿದವಳು, ಪುಸ್ತಕದ ಸಾಲು ತುಂಬಿಸಿ ಅಭ್ಯಾಸವೇ ಹೊರತು ಇಂಥದ್ದು ಬರೆದವಳಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು. ಒಂದು ಧರ್ಮಸಂಸ್ಥೆ ನಮ್ಮ ಕಡೆ ನಾಲ್ಕು ಊರುಗಳಲ್ಲಿ, ಅಂದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ, ಕುಷ್ಠರೋಗದ ಚಿಕಿತ್ಸೆಗೆ ಸಣ್ಣ ಆಸ್ಪತ್ರೆಗಳನ್ನು ನಡೆಸುತ್ತಿತ್ತು. ಆಸ್ಪತ್ರೆ ಎಂದರೆ ಬಾಡಿಗೆ ಮನೆ, ಎರಡು ಕೋಣೆ, ಒಂದು ಬೆಂಚು. ತಿಂಗಳಿಗೊಮ್ಮೆ ದಾವಣಗೆರೆಯಿಂದ ಡಾಕ್ಟರು ಬರುತ್ತಿದ್ದರು. ಉಳಿದ ದಿನ ಮಾತ್ರೆ ಕೊಡುವುದು, ಕಾರ್ಡು ಬರೆಯುವುದು ನಮ್ಮಂಥವರ ಕೆಲಸ. ನನ್ನ ಊರು ಸಾಸ್ವೆಹಳ್ಳಿ. ಹೊಳೆಯ ನೀರು ಕಂಡು ಬೆಳೆದ ನನ್ನನ್ನು ಜಗಳೂರಿಗೆ ಹಾಕಿದಾಗ ಅವ್ವ ಅತ್ತಿದ್ದಳು. ಹೊಲಿಗೆ ಯಂತ್ರವನ್ನು ಬಸ್ಸಿನ ಮೇಲೆ ಹಾಕಿಕೊಂಡು ಬಂದಿದ್ದೆ. ಆಗ ನನಗೆ ಇಪ್ಪತ್ತೆರಡು.

ನಾಲ್ಕೂ ಕಡೆಯ ಮೇಲ್ವಿಚಾರಕರು ತಿಪ್ಪಣ್ಣನವರು. ತೆಳ್ಳಗಿನ ಮನುಷ್ಯ, ಖಾದಿ ಅಂಗಿ, ಎಡಗೈಯ ಕಿರುಬೆರಳು ಯಾವಾಗಲೂ ಒಳಕ್ಕೆ ಮಡಚಿಕೊಂಡಿರುತ್ತಿತ್ತು. ಅವರಿಗೂ ಹರೆಯದಲ್ಲಿ ಇದೇ ಕಾಯಿಲೆ ಬಂದು ವಾಸಿಯಾಗಿತ್ತು. ಎಲ್ಲೋ ಒಂದು ಆಸ್ಪತ್ರೆಯ ಗುಮಾಸ್ತ ಅವರ ಕಾರ್ಡನ್ನು ಮನೆ ಮಾಲೀಕನಿಗೆ ತೋರಿಸಿದ್ದ. ಮರುದಿನ ಅವರ ಪಾತ್ರೆಗಳು ಬೀದಿಯಲ್ಲಿದ್ದವಂತೆ. ಇದನ್ನು ಅವರು ನನಗೆ ಹೇಳಿದ್ದು ಒಂದೇ ಸಲ, ಕೆಲಸಕ್ಕೆ ಸೇರಿದ ಮೊದಲ ದಿನ, ಪುಸ್ತಕವನ್ನು ಕೈಗೆ ಕೊಡುವಾಗ.

‘ನೋಡವ್ವ ಸಾವಿತ್ರಿ, ಕಾರ್ಡು ರೋಗಿದು. ಪುಸ್ತಕ ನಮ್ದು. ಯಾರ ಕಾರ್ಡು ಯಾವಾಗ ಹೊರಗೆ ಬಂತು, ಯಾರು ನೋಡಿದ್ರು, ಯಾಕೆ ನೋಡಿದ್ರು, ಯಾರಿಗೆ ಹೇಳಿದ್ರು, ತಿರುಗಿ ಯಾವಾಗ ಪೆಟ್ಟಿಗಿಗೆ ಹೋತು, ಎಲ್ಲಾ ಬರೀಬೇಕು. ಡಾಕ್ಟ್ರು ನೋಡಿದ್ರೂ ಬರಿ. ನಾನು ನೋಡಿದ್ರೂ ಬರಿ. ದೇವ್ರು ಬಂದ್ರೆ ಸಹಿ ಹಾಕಿಸ್ಕೋ.’

ಪುಸ್ತಕದಲ್ಲಿ ರೋಗಿಯ ಹೆಸರು ಇರುತ್ತಿರಲಿಲ್ಲ, ಕಾರ್ಡಿನ ನಂಬರು ಮಾತ್ರ. ನಂಬರಿಗೆ ಹೆಸರು ಹೊಂದಿಸುವ ಪಟ್ಟಿ ಬೇರೆ, ಅದರ ಬೀಗದ ಕೈ ನನ್ನ ಸೊಂಟದಲ್ಲಿ. ಹೊರಗಿನವರು ಯಾರಾದರೂ ಒಬ್ಬ ರೋಗಿಯ ಬಗ್ಗೆ ಕೇಳಿಕೊಂಡು ಬಂದರೆ ಪುಸ್ತಕದಲ್ಲಿ ಅವರ ಹೆಸರು, ಊರು, ಕಾರಣ ಬರೆಸಿ ಸಹಿ ಪಡೆಯಬೇಕು. ತಿಪ್ಪಣ್ಣನವರು ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಸಹಿ ಹಾಕಬೇಕು ಎಂದ ಕೂಡಲೇ ಮುಕ್ಕಾಲು ಜನ ಎದ್ದು ಹೋಗುತ್ತಿದ್ದರು. ನನಗೆ ಆ ಪುಸ್ತಕದ ಮೇಲೆ ಹೆಮ್ಮೆ ಇತ್ತು. ರೂಲರಿನಿಂದ ಗೆರೆ ಎಳೆದು, ತಲೆಬರಹಕ್ಕೆ ಕೆಂಪು ಶಾಯಿ ಬಳಸುತ್ತಿದ್ದೆ. ಬೇರೆ ಮೂರು ಊರುಗಳ ಪುಸ್ತಕಕ್ಕಿಂತ ಜಗಳೂರಿನದು ಚೆಂದ ಎಂದು ತಿಪ್ಪಣ್ಣನವರೇ ಹೇಳಿದ್ದರು.

ಕಮಲಿ ಎಂಬುದು ನಾನು ಈಗ ಇಟ್ಟ ಹೆಸರು. ನಿಜವಾದ ಹೆಸರನ್ನಾಗಲಿ ಊರನ್ನಾಗಲಿ ಬರೆಯುವುದಿಲ್ಲ. ಕಾರ್ಡಿನ ನಂಬರು ಇವತ್ತಿಗೂ ಬಾಯಿಪಾಠ, ಅದನ್ನೂ ಬರೆಯುವುದಿಲ್ಲ. ಬೆನ್ನ ಮೇಲೆ ಒಂದು ಮಚ್ಚೆ, ಮೊಣಕೈಯ ಮೇಲೆ ಒಂದು. ಮುಟ್ಟಿದರೆ ಅಲ್ಲಿ ಗೊತ್ತಾಗುತ್ತಿರಲಿಲ್ಲ. ಮೊದಲ ಸಲ ಡಾಕ್ಟರು ಹತ್ತಿಯ ಎಳೆಯಿಂದ ಪರೀಕ್ಷೆ ಮಾಡಿದಾಗ ಕಣ್ಣು ಮುಚ್ಚಿಕೊಂಡೇ, ‘ಇನ್ನೂ ಮುಟ್ಟೇ ಇಲ್ಲಲ್ರೀ’ ಎಂದಿದ್ದಳು. ಡಾಕ್ಟರು ನಾಲ್ಕು ಸಲ ಮುಟ್ಟಿ ಆಗಿತ್ತು. ಯಾರಿಗೂ ಅಂಟುವಂಥದ್ದಲ್ಲ, ಬಿಡದೆ ಮಾತ್ರೆ ತೆಗೆದುಕೊಂಡರೆ ಪೂರ್ತಿ ಹೋಗುತ್ತದೆ, ಬಿಟ್ಟರೆ ಕೈಬೆರಳಿಗೆ ಬರಬಹುದು ಎಂದು ಹೇಳಿದರು. ಆ ವರ್ಷದ ಶೇಂಗಾ ಕಾಲಕ್ಕೆ ಇನ್ನು ಏಳು ತಿಂಗಳ ಮಾತ್ರೆ ಉಳಿದಿತ್ತು.

ವಾರವಾರ ಜಗಳೂರಿಗೆ ಬರಲು ಊರಿಗೆ ಹೇಳುವ ನೆಪ ಬೇಕಿತ್ತು. ಹೊಲಿಗೆ ಕಲಿಯುತ್ತಿದ್ದೇನೆ ಎಂದು ಹೇಳಿದಳು. ಸುಳ್ಳನ್ನು ಗಟ್ಟಿ ಮಾಡಲು ನಾನು ನಿಜವಾಗಿಯೂ ಕಲಿಸಿದೆ. ಮೊದಲು ದಾರ ಕಡಿಯುತ್ತಿದ್ದಳು, ಸೂಜಿ ಮುರಿಯುತ್ತಿದ್ದಳು. ಆರು ತಿಂಗಳಲ್ಲಿ ನನಗಿಂತ ನೇರವಾಗಿ ಹೊಲಿಯುವಂತಾದಳು. ಆ ಊರಿನಲ್ಲಿ ನನಗೆ ಇದ್ದ ಗೆಳತಿ ಅವಳೊಬ್ಬಳೇ. ಮನೆ ಬಾಡಿಗೆಗೆ ಕೊಟ್ಟವರೂ ನನ್ನ ಕೈಯಿಂದ ನೀರು ಮುಟ್ಟುತ್ತಿರಲಿಲ್ಲ. ಕಾಯಿಲೆಯವರ ನಡುವೆ ಇರುವವಳು ಎಂದು ದೂರದಿಂದಲೇ ಮಾತಾಡುತ್ತಿದ್ದರು. ಕಮಲಿ ಬಂದರೆ ನನ್ನ ತಟ್ಟೆಯಲ್ಲೇ ರೊಟ್ಟಿ ಮುರಿಯುತ್ತಿದ್ದಳು.

ಆ ದಸರೆಯ ಹೊತ್ತಿಗೆ ಅವಳಿಗೆ ಗಂಡು ಗೊತ್ತಾಗಿತ್ತು. ಮೂರು ಹರದಾರಿ ಆಚೆಯ ಊರು, ಕುರಿ ಸಾಕುವ ಮನೆತನ. ಹುಡುಗ ಒಮ್ಮೆ ಸಂತೆಯಲ್ಲಿ ಇವಳನ್ನು ನೋಡಿದ್ದ, ಇವಳೂ ಅವನನ್ನು ನೋಡಿದ್ದಳು.

‘ಹೆಂಗವ್ನೆ?’ ಎಂದು ಕೇಳಿದೆ.

‘ಕುರಿ ಎಲ್ಲಾ ಹೆಸರಿಟ್ಟು ಕರೀತಾನಂತೆ. ಇನ್ನೂರು ಕುರಿ ಹೆಸರು ನೆಪ್ಪಿರೋನಿಗೆ ಒಬ್ಳು ಹೆಂಡ್ತಿ ಹೆಸರು ನೆಪ್ಪಿರಲ್ವಾ ಅಕ್ಕಾರೆ?’ ಎಂದು ನಕ್ಕಳು. ಆಮೇಲೆ ಹೊಲಿಯುವುದನ್ನು ನಿಲ್ಲಿಸಿ, ‘ಮದುವಿಗೆ ಮುಂಚೆ ಮಾತ್ರೆ ಮುಗೀತದಾ?’ ಎಂದು ಕೇಳಿದಳು. ಚೈತ್ರದಲ್ಲಿ ಮದುವೆ ಇಟ್ಟುಕೊಂಡರೂ ಒಂದು ತಿಂಗಳು ಉಳಿಯುತ್ತಿತ್ತು. ತವರಿಗೆ ಬರುವ ನೆಪದಲ್ಲಿ ಬಂದು ತೆಗೆದುಕೊಂಡು ಹೋಗು ಎಂದೆ. ಬೆರಳು ಮಡಚಿ ತಿಂಗಳು ಎಣಿಸಿದಳು.

ನಮ್ಮ ಕಡೆ ಹೆಣ್ಣು ಒಪ್ಪಿದ ಮೇಲೆ, ವೀಳ್ಯ ಹಿಡಿಯುವ ಮುಂಚೆ, ಗಂಡಿನ ಕಡೆಯ ಹಿರಿಯರೊಬ್ಬರು ಸದ್ದಿಲ್ಲದೆ ಓಡಾಡಿ ಮನೆತನ ವಿಚಾರಿಸುವ ಪದ್ಧತಿ ಇತ್ತು. ಬಾವಿಕಟ್ಟೆಯಲ್ಲಿ, ಬಳೆಗಾರನ ಬಳಿ, ಸೂಲಗಿತ್ತಿಯ ಬಳಿ ಮಾತಿಗೆ ಮಾತು ತೆಗೆದು ತಿಳಿದುಕೊಳ್ಳುತ್ತಿದ್ದರು. ಆ ಮಂಗಳವಾರ ಕಳೆದು ಗುರುವಾರ ನಮ್ಮ ಆಸ್ಪತ್ರೆಗೆ ಬಂದವರು ಅಂಥವರೇ. ನನಗದು ಗೊತ್ತಿರಲಿಲ್ಲ. ಬಿಳಿ ರುಮಾಲು, ಹೆಗಲ ಮೇಲೆ ಕರಿ ಕಂಬಳಿ, ಬಹಳ ಮರ್ಯಾದೆಯ ಮನುಷ್ಯ. ಬೆಂಚಿನ ಮೇಲೆ ಕೂತು ನೀರು ಕೇಳಿದರು. ನನ್ನ ಕೈಯಿಂದಲೇ ತೆಗೆದುಕೊಂಡು ಕುಡಿದರು. ಅದಕ್ಕೇ ನಾನು ಅರ್ಧ ಸೋತುಹೋದೆ.

‘ಯಾವೂರವ್ವ ನಿಂದು?’

‘ಸಾಸ್ವೆಹಳ್ಳಿ ರೀ.’

‘ಓ, ಹೊಳೆ ನೀರಿನೋಳು. ನಮ್ ಬಾವಿ ನೀರು ಗಂಟಲಾಗೆ ಹೆಂಗೆ ಇಳೀತೈತೋ ಏನೋ.’

ಮಳೆಯ ಮಾತು, ಕುರಿಯ ಮಾತು ಆಯಿತು. ಆಮೇಲೆ, ‘ನಮ್ಮೂರ ಕಡೆ ಬಸಮ್ಮ ಅಂತ ಒಬ್ಬಾಕೆ ಇಲ್ಲಿಗೆ ಬರ್ತಾಳೇನು?’ ಎಂದು ಕೇಳಿದರು.

‘ಇಲ್ಲ ಅಜ್ಜಾರೆ. ಆ ಹೆಸರಿನೋರು ಯಾರೂ ಇಲ್ಲ.’

‘ಅವ್ಳ ತಂಗಿ ನೀಲಮ್ಮ?’

‘ಅವ್ರೂ ಇಲ್ಲ ರೀ.’

ಅವರು ಕಂಬಳಿ ಸರಿಪಡಿಸಿಕೊಂಡು ಮೂರನೆಯದಾಗಿ ಕಮಲಿಯ ಹೆಸರು ಹೇಳಿದರು, ತಂದೆಯ ಹೆಸರು ಸೇರಿಸಿ.

ನಾನು ಇಲ್ಲ ಎನ್ನಲಿಲ್ಲ. ಹೌದೂ ಎನ್ನಲಿಲ್ಲ. ನಿಯಮದ ಪ್ರಕಾರ ನಡೆದುಕೊಂಡೆ. ಪುಸ್ತಕ ತೆಗೆದು, ಪೆನ್ನಿನ ಮುಚ್ಚಳ ತೆಗೆದು, ತಾರೀಖು ಬರೆದು, ‘ಹಂಗೆಲ್ಲಾ ಹೇಳಾಕೆ ಬರಲ್ಲ ಅಜ್ಜಾರೆ. ನಿಮ್ಮ ಹೆಸರು, ಊರು, ಕಾರಣ ಬರೆಸಿ ಸಹಿ ಹಾಕ್ಬೇಕು. ಮೇಲಿನೋರು ಒಪ್ಪಬೇಕು’ ಎಂದೆ. ದನಿಯಲ್ಲಿ ಸ್ವಲ್ಪ ಗತ್ತೂ ಇತ್ತು ಅಂತ ಕಾಣುತ್ತದೆ.

ಅವರು ಪುಸ್ತಕವನ್ನು ನೋಡಿದರು, ನನ್ನನ್ನು ನೋಡಿದರು.

‘ಬಸಮ್ಮಂಗೆ ಪುಸ್ತಕ ತೆಗೀಲಿಲ್ಲ. ನೀಲಮ್ಮಂಗೂ ತೆಗೀಲಿಲ್ಲ’ ಎಂದರು ಮೆಲ್ಲಗೆ.

ಆಗ ನನಗೆ ಹೊಳೆಯಿತು. ಕೈಯಲ್ಲಿದ್ದ ಪೆನ್ನು ಕೈಯಲ್ಲೇ ಉಳಿಯಿತು.

‘ನೀನೇನೂ ಹೇಳಿಲ್ಲ ಬಿಡವ್ವ. ನಾನೂ ಏನೂ ಕೇಳಿಲ್ಲ’ ಎಂದು ಎದ್ದರು. ಬಾಗಿಲಲ್ಲಿ ನಿಂತು, ‘ಒಳ್ಳೆ ಹುಡುಗಿ ಅದು. ಆದ್ರೆ ಹುಡುಗನ ತಾಯಿ ನನ್ ತಂಗಿ, ಆಕೆಗೆ ನಾನು ಉತ್ರ ಹೇಳಬೇಕಲ್ಲ’ ಎಂದರು. ಅವರು ಕೆಟ್ಟವರಲ್ಲ. ಇಷ್ಟು ವರ್ಷಗಳಾದರೂ ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಆಗಿಲ್ಲ.

ಮುಂದಿನ ಮಂಗಳವಾರ ಹತ್ತು ಗಂಟೆಯ ಬಸ್ಸಿನಿಂದ ಅವಳು ಇಳಿಯಲಿಲ್ಲ. ಎರಡು ಗಂಟೆಯ ಬಸ್ಸನ್ನೂ ನೋಡಿದೆ. ಬುಧವಾರ ಅರ್ಧ ಹೊಲಿದ ರವಿಕೆಯನ್ನು ಚೀಲದಲ್ಲಿ ಹಾಕಿಕೊಂಡು ಅವಳ ಊರಿಗೆ ಹೋದೆ. ಆಸ್ಪತ್ರೆಯವಳಾಗಿ ಹೋಗುವಂತಿರಲಿಲ್ಲ, ಹೊಲಿಗೆಯವಳಾಗಿ ಹೋದೆ. ಅಂಗಳದಲ್ಲಿ ಶೇಂಗಾ ಗಿಡ ರಾಶಿ ಹಾಕಿಕೊಂಡು ಅವಳ ತಾಯಿ ಒಬ್ಬಳೇ ಕಾಯಿ ಬಿಡಿಸುತ್ತಿದ್ದಳು. ಸುದ್ದಿ ಹಬ್ಬಿರಬೇಕು, ಕೂಲಿಗೆ ಯಾರೂ ಬಂದಿರಲಿಲ್ಲ. ನನ್ನನ್ನು ಕಂಡು ತಲೆ ಎತ್ತಲಿಲ್ಲ.

‘ಹೊಲಿಗೆ ಕಲಿಸಾಕೆ ಬಂದ್ಯೇನವ್ವ?’

‘ಕಮಲಿ ಎಲ್ಲಿ, ಅಮ್ಮಾರೆ?’

‘ಅವ್ಳ ಸೋದರತ್ತೆ ತಾವ ಕಳ್ಸೀವಿ. ಹೊಳೆ ಕಡೆ.’

‘ಹೊಳೆ ಕಡೆ ಅಂದ್ರೆ ಯಾವೂರು?’

ಆಕೆ ಆಗ ತಲೆ ಎತ್ತಿದಳು. ‘ನಿಂಗೆ ಹೇಳಿದ್ರೆ ಪುಸ್ತಕದಾಗೆ ಬರೀತೀಯ.’

‘ಇನ್ನೂ ಏಳು ತಿಂಗಳು ಮಾತ್ರೆ ಐತೆ. ಬಿಡಬಾರ್ದು. ಅಷ್ಟು ಮಾತ್ರ ಹೇಳ್ರಿ ಅವ್ಳಿಗೆ.’

‘ಮಾತ್ರೆ ತಿಂದೇ ಇಷ್ಟಾತು’ ಎಂದು ಮತ್ತೆ ಕಾಯಿ ಬಿಡಿಸತೊಡಗಿದಳು. ರವಿಕೆಯನ್ನು ಕಟ್ಟೆಯ ಮೇಲಿಟ್ಟೆ. ನಾನು ಬೀದಿಯ ತಿರುವು ದಾಟುವವರೆಗೂ ಅದು ಅಲ್ಲೇ ಇತ್ತು.

ತಿಪ್ಪಣ್ಣನವರು ಮುಂದಿನ ವಾರ ಬಂದರು. ಎಲ್ಲ ಹೇಳಿದೆ. ಬೈಯುತ್ತಾರೆ, ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ. ಅವರು ಪುಸ್ತಕ ತರಿಸಿಕೊಂಡು ಬರೀ ತಾರೀಖು ಇದ್ದ ಆ ಸಾಲಿನ ಮೇಲೆ ಬೆರಳಿಟ್ಟರು.

‘ಇದನ್ನ ಪೂರ್ತಿ ಮಾಡವ್ವ.’

‘ಅವ್ರು ಸಹಿ ಹಾಕ್ಲಿಲ್ಲ ಸಾರ್. ನಾನೂ ಏನೂ ತಿಳಿಸಲಿಲ್ಲ.’

‘ತಿಳಿಸಿದೀಯ. ಬರೀದೇ ಬಿಟ್ರೆ ಇಡೀ ಪುಸ್ತಕ ಸುಳ್ಳಾಗ್ತೈತೆ.’

ಬರೆದೆ. ತಿಳಿಸಿದವರು: ಸಾವಿತ್ರಿ. ಯಾರಿಗೆ: ಹೆಸರು ಹೇಳದ ಹಿರಿಯರು. ಕಾರಣ ಎಂಬಲ್ಲಿ ಏನು ಬರೆಯಲಿ ಎಂದು ಕೇಳಿದೆ. ‘ತಿಳಿಯದೆ ಅಂತ ಬರಿ. ಕೆಳಗೆ ನಾನು ಸಹಿ ಹಾಕ್ತೀನಿ. ಪುಸ್ತಕ ಮಾಡಿದೋನು ನಾನು, ನಂಗೂ ತಿಳೀಲಿಲ್ಲ’ ಎಂದರು. ಸಹಿ ಮಾಡಿ ಪುಸ್ತಕವನ್ನು ನನ್ನ ಕಡೆ ಸರಿಸಿದರು.

ಅಂದೇ ಕೂತು ಹೊಸ ನಿಯಮ ಹೇಳಿ ಬರೆಸಿದರು. ಯಾರೇ ಬಂದು ಯಾರ ಹೆಸರನ್ನೇ ಕೇಳಲಿ, ಕಾರ್ಡು ಇರಲಿ ಇಲ್ಲದಿರಲಿ, ಮೊದಲು ಪುಸ್ತಕ ತೆಗೆಯಬೇಕು. ಕೇಳಿದವರ ಹೆಸರು, ಊರು, ಕಾರಣ ಬರೆದು ಸಹಿ ಪಡೆಯಬೇಕು. ಆಮೇಲೆ ಎಲ್ಲರಿಗೂ ಒಂದೇ ಉತ್ತರ: ಇಲ್ಲಿ ಯಾರ ಕಾರ್ಡು ಇದೆ, ಯಾರದು ಇಲ್ಲ ಎಂದು ಹೇಳಲು ಬರುವುದಿಲ್ಲ. ಇದನ್ನು ನನ್ನ ದುಂಡು ಅಕ್ಷರದಲ್ಲಿ ನಾಲ್ಕು ಪ್ರತಿ ಮಾಡಿದೆ. ಒಂದು ಜಗಳೂರಿನ ಗೋಡೆಗೆ ಅಂಟಿಸಿದೆ. ಉಳಿದ ಮೂರನ್ನು ಅವರು ಚೀಲದಲ್ಲಿಟ್ಟುಕೊಂಡು ಹೋದರು.

ಆ ಚಳಿಗಾಲದಲ್ಲಿ ನಾನು ರಜೆ ಹಾಕಿ ಹಾಕಿ ಅವಳನ್ನು ಹುಡುಕಿದೆ. ಹೊಳೆ ಕಡೆ ಎಂದರೆ ಹೊನ್ನಾಳಿ ಇರಬಹುದು, ನ್ಯಾಮತಿ ಇರಬಹುದು, ಇತ್ತ ಚನ್ನಗಿರಿಯೂ ಇರಬಹುದು. ಅವಳು ಬುದ್ಧಿವಂತೆ, ಬೇರೆ ಆಸ್ಪತ್ರೆಯಲ್ಲಿ ಹೊಸ ಕಾರ್ಡು ಮಾಡಿಸಿ ಮಾತ್ರೆ ಮುಂದುವರಿಸಿರುತ್ತಾಳೆ ಎಂದು ಮನಸ್ಸು ಹೇಳುತ್ತಿತ್ತು. ಸಾಸ್ವೆಹಳ್ಳಿಗೆ ಹೋದವಳು ಅಲ್ಲಿಂದ ಹೊನ್ನಾಳಿಗೆ ಹೋದೆ. ಅಲ್ಲಿ ಕಾರ್ಡು ನೋಡಿಕೊಳ್ಳುತ್ತಿದ್ದವಳು ನನ್ನದೇ ವಯಸ್ಸಿನ ಹೆಂಗಸು, ಸುಶೀಲಾ. ಗುರುತಿತ್ತು. ಚಹಾ ತರಿಸಿದಳು. ನಾನು ಕಮಲಿಯ ಹೆಸರು ಹೇಳಿ, ‘ಬೇರೆ ಹೆಸರಲ್ಲಿ ಬಂದಿರಬಹುದು. ಮೊಣಕೈ ಮ್ಯಾಲೆ ಮಚ್ಚೆ, ಉದ್ದ ತೋಳಿನ ರವಿಕೆ’ ಎಂದೆ. ಸುಶೀಲಾ ಲೋಟ ಕೆಳಗಿಟ್ಟು ಪುಸ್ತಕ ತೆಗೆದಳು.

‘ಸಹಿ ಹಾಕ್ರಿ ಅಕ್ಕ. ಕಾರಣ ಬರೀರಿ.’

‘ನಾನು ಕಣೇ, ಜಗಳೂರು ಸಾವಿತ್ರಿ.’

‘ಗೊತ್ತೈತ್ರೀ. ಇಲ್ಲಿ ಯಾರ ಕಾರ್ಡು ಐತೆ, ಯಾರದ್ದು ಇಲ್ಲ ಅಂತ ಹೇಳಾಕೆ ಬರಲ್ಲ’ ಎಂದು ಗೋಡೆ ತೋರಿಸಿದಳು. ಗೋಡೆಯ ಮೇಲೆ ನನ್ನ ಅಕ್ಷರ. ಅವಳ ಮುಖ ನೋಡಿದೆ. ಇದೆ ಎಂದೂ ಇರಲಿಲ್ಲ, ಇಲ್ಲ ಎಂದೂ ಇರಲಿಲ್ಲ. ಚೆನ್ನಾಗಿ ಕಲಿತಿದ್ದಳು.

ನ್ಯಾಮತಿಯಲ್ಲೂ ಹೀಗೇ ಆಯಿತು. ಅಲ್ಲಿಂದ ಸೂರಗೊಂಡನಕೊಪ್ಪದ ಕಡೆ ಹೋಗುವ ದಾರಿಯಲ್ಲಿ ಒಂದು ಮನೆಯ ಮುಂದೆ ಹೊಲಿಗೆ ಯಂತ್ರದ ಸದ್ದು ಕೇಳಿ ಒಳಗೆ ಇಣುಕಿದೆ. ಯಾರೋ ಬೇರೆ ಹೆಂಗಸು. ‘ರವಿಕೆ ಹೊಲಿಸ್ಬೇಕಾ?’ ಎಂದು ಕೇಳಿದಳು. ಇಲ್ಲ ಎಂದು ಬಂದೆ. ಚನ್ನಗಿರಿಯಲ್ಲಿ ಮೂರನೆಯ ಸಹಿ ಹಾಕಿದೆ.

ತಿಪ್ಪಣ್ಣನವರೊಬ್ಬರಿಗೆ ಮಾತ್ರ ನಾಲ್ಕೂ ಕಡೆಯ ಕಾರ್ಡುಗಳು ಕಾಣುತ್ತಿದ್ದವು. ಕಮಲಿಯ ಮುಖವೂ ಅವರಿಗೆ ಗೊತ್ತಿತ್ತು. ಒಂದು ಮಧ್ಯಾಹ್ನ ಧೈರ್ಯ ಮಾಡಿ ಕೇಳಿದೆ.

‘ಅವ್ಳು ಎಲ್ಲಾದ್ರೂ ಮಾತ್ರೆ ತಗೊಳ್ತಿದಾಳಾ ಸಾರ್? ಊರು ಬ್ಯಾಡ. ಹೌದು ಅಥ್ವಾ ಇಲ್ಲ ಅನ್ರಿ ಸಾಕು.’

‘ಕಾರಣ ಏನು ಬರೀತೀಯ?’

‘ನನ್ ಮನಸ್ಸಿಗೆ ಸಮಾಧಾನ ಇಲ್ಲ ಸಾರ್.’

‘ಅದು ನಿನ್ ಕಾರಣವ್ವ. ಅವ್ಳ ಕಾರಣ ಅಲ್ಲ.’

ಗಾಳಿ ಬಾಗಿಲನ್ನು ಬಡಿಯುತ್ತಿತ್ತು. ಅವರು ಎದ್ದು ಹೋಗಿ ಬಾಗಿಲಿಗೆ ಕಲ್ಲು ಕೊಟ್ಟು ಬಂದು ಕೂತರು. ‘ಅವ್ಳು ಕೇಳ್ಕೊಂಡು ಬಂದ್ರೆ, ನೀನು ಹುಡುಕಿದ್ದು ಹೇಳ್ತೀನಿ’ ಎಂದರು. ಆ ಮಾತನ್ನು ಎಷ್ಟೋ ವರ್ಷ ಹಿಂದೆ ಮುಂದೆ ತಿರುಗಿಸಿ ನೋಡಿದ್ದೇನೆ. ಬಂದಿದ್ದಾಳೆ ಎಂದೋ, ಬಂದಿಲ್ಲ ಎಂದೋ, ಅದರಿಂದ ಏನೂ ತೆಗೆಯಲು ಆಗಲಿಲ್ಲ.

ಮುಂದಿನ ಶೇಂಗಾ ಕಾಲಕ್ಕೆ ಮೊದಲೇ ನನಗೆ ವರ್ಗವಾಯಿತು. ಮದುವೆಯಾದೆ, ಮಕ್ಕಳಾದವು. ಎಂಬತ್ತರ ದಶಕದಲ್ಲಿ ಸರ್ಕಾರದ ಹೊಸ ಚಿಕಿತ್ಸೆ ಬಂದು ಸಂಸ್ಥೆ ತನ್ನ ಆಸ್ಪತ್ರೆಗಳನ್ನು ಒಂದೊಂದಾಗಿ ಮುಚ್ಚಿತು. ಕಾರ್ಡುಗಳನ್ನು ತಿಪ್ಪಣ್ಣನವರೇ ನಿಂತು ಸುಡಿಸಿದರಂತೆ, ಎಷ್ಟು ಕಾರ್ಡು, ಯಾವ ದಿನ, ಯಾರೆದುರು ಎಂದು ಬರೆದಿಟ್ಟು. ವರ್ಷಕ್ಕೊಮ್ಮೆ ಅವರ ಮನೆಗೆ ಹೋಗುತ್ತಿದ್ದೆ. ಹಳೆಯ ಮಾತೆಲ್ಲ ಆಡುತ್ತಿದ್ದೆವು, ಜಗಳೂರಿನ ಗಾಳಿಯನ್ನು ನೆನೆದು ನಗುತ್ತಿದ್ದೆವು. ಅವಳ ಹೆಸರು ಇಬ್ಬರ ಬಾಯಲ್ಲೂ ಬರಲಿಲ್ಲ. ಯಾವತ್ತೋ ಒಂದು ದಿನ, ವಯಸ್ಸಾದ ಮೇಲೆ, ಮನಸ್ಸು ಮೆತ್ತಗಾಗಿ ಅವರೇ ಹೇಳಬಹುದು ಎಂದು ನಾನು ಕಾದದ್ದು ನಿಜ.

ಹನ್ನೊಂದನೆಯ ದಿನ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು ಕೂತಿದ್ದರು. ‘ಆಸ್ಪತ್ರೆ ಮಾತು ಏನಾದ್ರೂ ಹೇಳಿದ್ರಾ ಅಮ್ಮಾರೆ, ಕೊನೇ ದಿನದಾಗೆ?’ ಎಂದು ಕೇಳಿದೆ.

‘ನಲವತ್ತು ವರ್ಷ ಸಂಸಾರ ಮಾಡಿದೆ. ಆಸ್ಪತ್ರೆಗೆ ಯಾರು ಬಂದ್ರು ಅಂತ ಒಂದಿನ ಬಾಯಿ ಬಿಡಲಿಲ್ಲವ್ವ. ಯಾಕೆ, ಏನಾದ್ರೂ ಬೇಕಿತ್ತಾ?’ ಎಂದರು.

ಏನಿಲ್ಲ ಎಂದೆ.

ಅವರು ಮಾಡಿದ್ದು ಸರಿ. ನಾನು ಅವರ ಜಾಗದಲ್ಲಿದ್ದರೂ ಅದನ್ನೇ ಮಾಡಬೇಕಿತ್ತು. ಆದರೆ ಆ ಏಳು ತಿಂಗಳ ಮಾತ್ರೆಯನ್ನು ಕಮಲಿ ತೆಗೆದುಕೊಂಡಳೋ ಇಲ್ಲವೋ, ಅವಳ ಕೈಬೆರಳುಗಳು ನೆಟ್ಟಗೆ ಉಳಿದವೋ ಇಲ್ಲವೋ, ನನಗೆ ಗೊತ್ತಿಲ್ಲ. ಗೊತ್ತಿದ್ದಿರಬಹುದಾದ ಆ ಒಬ್ಬರೂ ಈಗ ಇಲ್ಲ.